‘ಎನ್‌ಗ್ರೋಸಿಂಗ್’ ಎಂಬ ಸಗಟು ವ್ಯಾಪಾರಿ

ಕನ್ನಡದ ಪುಸ್ತಕ ವಿಮರ್ಶೆಗಳಲ್ಲಿ ‘ತಲ್ಲೀನಗೊಳಿಸುವ ಕಾದಂಬರಿ’ ಎಂಬ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷಿನ ‘ಎನ್‌ಗ್ರೋಸಿಂಗ್’ ಅದರ ಬೆನ್ನಿಗೆ ನಿಂತಿರುವುದು ಸ್ಪಷ್ಟ. ಈ ಅನುವಾದ ನನಗೆ ಒಪ್ಪಿತವಲ್ಲ.

ಆ ಇಂಗ್ಲಿಷ್ ಪದ ಹುಟ್ಟಿದ್ದು ಪೇಟೆಯಲ್ಲಿ. ಫ್ರೆಂಚಿನ ‘ಆಂ ಗ್ರೋ’ ಎಂದರೆ ಸಗಟಾಗಿ. ಇಲ್ಲಿ ಜೀಡಿಮೆಟ್ಲಾದ ನಮ್ಮ ನೆರೆಹೊರೆಯ ತೆಲುಗಿನಲ್ಲಿ ‘ಟೋಕು’. ಪೇಟೆಗೆ ಬಂದ ಸರಕನ್ನೆಲ್ಲ ಒಬ್ಬನೇ ಕೊಂಡು ಕೂಡಿಟ್ಟು, ಬೆಲೆಯೇರಿಸಿ ಮಾರುವುದಕ್ಕೆ ಇಂಗ್ಲೆಂಡಿನ ಹಳೆಯ ಕಾನೂನು ‘ಎನ್‌ಗ್ರೋಸಿಂಗ್’ ಎಂದೇ ಹೆಸರಿಟ್ಟು ಅದನ್ನು ಅಪರಾಧವಾಗಿಸಿತ್ತು; ಆ ಅಪರಾಧ ರದ್ದಾದದ್ದು 1844ರಲ್ಲಿ. ‘ಗ್ರೋಸರ್’ ಕೂಡ ಇದೇ ಕುಲದವನು. ಕಡಿತಗಳಿಗೆ ಮೊದಲು ಸಂಬಳದ ಚೀಟಿಯಲ್ಲಿ ಕಂಡು ಮರೆಯಾಗುವ ‘ಗ್ರೋಸ್’ ಎಂಬ ಸುಂದರ ಮೊತ್ತವೂ ಅಷ್ಟೇ. ಹಾಗಾಗಿ ಎನ್‌ಗ್ರೋಸಿಂಗ್ ಪುಸ್ತಕವೆಂದರೆ ನಮ್ಮ ಗಮನವನ್ನೆಲ್ಲ ಸಗಟಾಗಿ ಕೊಂಡು, ಉಳಿದವರಿಗೆ ಚೂರನ್ನೂ ಬಿಡದ ಪುಸ್ತಕ. ಅದು ವಸ್ತುವಿನ ಗುಣ.

‘ತಲ್ಲೀನ’ ಹಾಗಲ್ಲ. ತತ್ ಮತ್ತು ಲೀನ ಸೇರಿ ಆದ ಪದವದು: ಅದರಲ್ಲಿ ಕರಗಿದವನು. ತನ್ಮಯ, ಮಗ್ನ ಎಂಬವೂ ಮನುಷ್ಯನ ಸ್ಥಿತಿಯನ್ನೇ ಹೇಳುತ್ತವೆ. ಇಲ್ಲಿ ಕೊಳ್ಳುವವನಿಲ್ಲ, ಮಾರಾಟವಾಗುವವನೂ ಇಲ್ಲ. ವೀಣೆ ಕೇಳುತ್ತ ಕುಳಿತವನು ತಾನಾಗಿ ಲೀನನಾಗುತ್ತಾನೆ. ಆ ಪದಕ್ಕೆ ‘ಗೊಳಿಸು’ ಎಂದು ಬಾಲ ಹಚ್ಚಿದೊಡನೆ ಅದರ ಸ್ವಾತಂತ್ರ್ಯವೇ ಹೋಗುತ್ತದೆ.

‘ಮನಸೂರೆಗೊಳ್ಳುವ’ ಇದೆಯಲ್ಲ ಎನ್ನಬಹುದು. ಸೂರೆಯೆಂದರೆ ಲೂಟಿ, ಇಂಗ್ಲಿಷಿನ ವ್ಯಾಪಾರಿಗೆ ಕನ್ನಡದ ದಂಡಾಳು ಸರಿಜೋಡಿ! ಯಕ್ಷಗಾನದ ವೇಷವೊಂದರ ಪ್ರವೇಶಕ್ಕೆ, ಮಳೆಗಾಲದ ಜೋಗಕ್ಕೆ ಆ ಮಾತು ಚೆನ್ನಾಗಿ ಒಪ್ಪುತ್ತದೆ. ಆದರೆ ಲೂಟಿ ಕ್ಷಣದ ಕೆಲಸ. ನಾನೂರು ಪುಟಗಳ ಕಾದಂಬರಿ ವಾರಗಟ್ಟಲೆ ನಮ್ಮ ಜೊತೆಗಿರುತ್ತದೆ, ಊಟದ ಹೊತ್ತಿನಲ್ಲೂ ಕರೆಯುತ್ತದೆ.

ಅದಕ್ಕೆಂದೇ ನಮ್ಮಲ್ಲಿ ‘ಓದಿಸಿಕೊಂಡು ಹೋಗುವ’ ಎಂಬ ಮಾತಿದೆ. ತೆಲುಗಿನ ವಿಮರ್ಶಕರು ‘ಚದಿವಿಂಚೇ ಗುಣಂ’ ಎನ್ನುತ್ತಾರೆ: ಓದಿಸುವ ಗುಣ. ಕನ್ನಡ ಅದಕ್ಕೆ ‘ಕೊಳ್ಳು’ ಸೇರಿಸಿತು. ಓದುವವರು ನಾವೇ, ಆದರೆ ಪುಸ್ತಕ ತನಗಾಗಿ ನಮ್ಮಿಂದ ಓದಿಸಿಕೊಳ್ಳುತ್ತದೆ. ‘ಹೋಗು’ ಬಂದು ಆ ಓದಿಗೆ ಓಟ ಕೊಡುತ್ತದೆ. ಇಂಗ್ಲಿಷ್ ಒಂದು ವಿಶೇಷಣದಲ್ಲಿ ಮಾಡಿದ್ದನ್ನು ಕನ್ನಡ ಮೂರು ಕ್ರಿಯಾಪದಗಳಲ್ಲಿ, ಯಾರನ್ನೂ ಕೊಳ್ಳದೆ, ದೋಚದೆ ಮಾಡಿದೆ.

ಮುನ್ನುಡಿಕಾರರು ಈ ಮಾತನ್ನು ಸವೆಸಿದ್ದಾರೆ, ನಿಜ. ಆದರೂ ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಕೈಗೆ ಕನ್ನಡ ಪುಸ್ತಕವೊಂದನ್ನು ಕೊಡುವಾಗ ‘ತಲ್ಲೀನಗೊಳಿಸುವ ಕೃತಿ’ ಎಂದರೆ ಅವರು ನಿಘಂಟು ಹುಡುಕಬೇಕು. ‘ಎರಡು ಪುಟ ದಾಟು, ಆಮೇಲೆ ಅದೇ ಓದಿಸಿಕೊಂಡು ಹೋಗುತ್ತೆ’ ಎಂದರೆ ಎರಡು ಪುಟವನ್ನಾದರೂ ತಿರುವಿಯಾರು.