ಹಕ್ಕಿ ನೋಡುವವರ ಪೀಠ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಎಚ್ಚರಿಸಿದರು. ಕುಳಿತುಕೊಳ್ಳುವುದೆಂದರೆ ಅವರ ದೃಷ್ಟಿಯಲ್ಲಿ ಸೋಮಾರಿತನದ ಮೊದಲ ಮೆಟ್ಟಿಲು. ಆದರೆ ಕುಳಿತೇ ಗಳಿಸಬೇಕಾದ ಸಂಪತ್ತೊಂದು ಲೋಕದಲ್ಲಿ ಉಂಟು. ಅದೇ ಪಕ್ಷಿವೀಕ್ಷಣೆ. ನಡೆದಾಡುವವನಿಗೆ ಹಕ್ಕಿಯ ಬೆನ್ನು ಕಾಣುತ್ತದೆ, ಅದೂ ಹಾರಿಹೋಗುವ ಬೆನ್ನು. ಕುಳಿತವನಿಗೆ ಮುಖ ಕಾಣುತ್ತದೆ. ಕೆರೆಯಂಚಿನ ಕೊಳದ ಬಕವನ್ನು ಗಮನಿಸಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮಣ್ಣುಬಣ್ಣದ ಮೈಯನ್ನು ಕುಗ್ಗಿಸಿಕೊಂಡು, ನಿಂತಲ್ಲೇ ನಿಂತು, ಅದು ಮೀನನ್ನು ಕಾಯುತ್ತದೆ. ಅದರ ಉದ್ಯೋಗದ ರಹಸ್ಯವೇ ಹಕ್ಕಿ ನೋಡುವವನ ರಹಸ್ಯವೂ ಹೌದು. ಮನುಷ್ಯನನ್ನು ಕಂಡು ದೂರ ಸರಿದ ನಾಮದಕೋಳಿ, ಗುಳುಮುಳುಕಗಳು, ಅವನು ಅಲುಗಾಡದೆ ಕುಳಿತನೆಂದರೆ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ತಮ್ಮ ಕೆಲಸಕ್ಕೆ ಮರಳುವುದುಂಟು.

ಆದರೆ ಅಲುಗಾಡದೆ ಕೂರುವುದೆಲ್ಲಿ? ಕೆರೆಯ ಏರಿಯ ಕಲ್ಲು ಒತ್ತುತ್ತದೆ. ಹುಲ್ಲು ಇಬ್ಬನಿಯಿಂದ ತೊಯ್ದಿರುತ್ತದೆ. ಇರುವೆಗಳ ವಿಷಯ ಹೇಳುವುದೇ ಬೇಡ. ಹತ್ತು ವರ್ಷದ ಬಾಲಕನಿಗೆ ಇದಾವುದೂ ಲೆಕ್ಕಕ್ಕಿಲ್ಲ. ಅರುವತ್ತು ದಾಟಿದವರ ಮಂಡಿಗೆ ಮಾತ್ರ ನೆಲದ ಮೇಲೆ ಕೂರುವುದೊಂದು ಕಷ್ಟ, ಏಳುವುದು ಮತ್ತೊಂದು ಕಷ್ಟ. ಆದ್ದರಿಂದಲೇ ಭಾನುವಾರದ ಬೆಳಗ್ಗೆ ಮಗ, ಸೊಸೆ, ಮೊಮ್ಮಕ್ಕಳು ದುರ್ಬೀನು ಹಿಡಿದು ಹೊರಟಾಗ, ‘ಅಜ್ಜಿಗೆ ಅಲ್ಲಿ ಕೂರಲಾಗದು’ ಎಂಬ ಒಂದೇ ಮಾತಿನಿಂದ ಅಜ್ಜಿ ಮನೆಯಲ್ಲಿ ಉಳಿದುಬಿಡುತ್ತಾರೆ. ವಿಚಿತ್ರವೆಂದರೆ, ಮೊಮ್ಮಗ ಇಂಗ್ಲಿಷ್ ಪುಸ್ತಕದಲ್ಲಿ ಹುಡುಕುವ ಹಕ್ಕಿಯ ಕನ್ನಡದ ಹೆಸರು ತಿಳಿದಿರುವುದು ಎಷ್ಟೋ ಮನೆಗಳಲ್ಲಿ ಅವರೊಬ್ಬರಿಗೇ! ಕೆಂಬೂತವನ್ನು ಕಂಡರೆ ಶುಭವೆಂದು ಹಳ್ಳಿಯಲ್ಲಿ ಕೇಳಿ ಬೆಳೆದವರು ಅವರು. ಇರುಳಿನಲ್ಲಿ ಕೂಗಿದ ಟಿಟ್ಟಿಭವನ್ನು ದನಿಯಿಂದಲೇ ಗುರುತಿಸಬಲ್ಲವರು ಅವರು. ಒಂದು ಸ್ಟೂಲಿನ ಅಭಾವದಿಂದ ಮೊಮ್ಮಗನಿಗೆ ಆಗುವ ನಷ್ಟ ಸಣ್ಣದಲ್ಲ.

ಮಡಚಿ ಒಯ್ಯುವ ಪೀಠ ಇಂದಿನ ಪೇಟೆಯ ಆವಿಷ್ಕಾರವೇನೂ ಅಲ್ಲ. 1922ರಲ್ಲಿ ಬೆಳಕಿಗೆ ಬಂದ ಈಜಿಪ್ಟಿನ ದೊರೆ ಟೂಟಾಂಖಾಮನ್‌ನ ಸಮಾಧಿಯಲ್ಲಿ ಕತ್ತರಿಕಾಲಿನ ಪೀಠ ದೊರೆಯಿತು. ಅದರ ಕಾಲುಗಳ ತುದಿಗೆ ಬಾತುಕೋಳಿಯ ತಲೆಯ ರೂಪ ಕೊಡಲಾಗಿತ್ತು. ಸುಮಾರು 3,300 ವರ್ಷಗಳ ಹಿಂದಿನ ಆ ಕುಶಲಕರ್ಮಿ ಪೀಠವನ್ನೂ ಹಕ್ಕಿಯನ್ನೂ ಆಗಲೇ ಒಂದುಗೂಡಿಸಿದ್ದನೆನ್ನಬಹುದು. ಕತ್ತರಿಯಂತೆ ಅಡ್ಡಹಾಯುವ ಆ ಕಾಲುಗಳ ವಿನ್ಯಾಸ ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ.

ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ಕೇಳುವುದು ತೂಕವನ್ನು. ಎರಡು ಬೆರಳಿನಲ್ಲಿ ಎತ್ತಿ ನೋಡಿ, ‘ಎಷ್ಟು ಹಗುರ!’ ಎಂದು ಮೆಚ್ಚಿ ಕೊಂಡು ತರುತ್ತಾರೆ. ಮೊದಲು ಕೇಳಬೇಕಾದದ್ದು ಎತ್ತರವನ್ನು. ತೀರ ಹಗುರವಾದ ಸ್ಟೂಲು ಅನೇಕ ವೇಳೆ ತೀರ ಗಿಡ್ಡದೂ ಆಗಿರುತ್ತದೆ. ಪೀಠ ತಗ್ಗಿದಷ್ಟೂ ಏಳುವಾಗ ಮಂಡಿಯ ಮೇಲೆ ಬೀಳುವ ಭಾರ ಹೆಚ್ಚು. ಮನೆಯ ಊಟದ ಮೇಜಿನ ಕುರ್ಚಿ ಸುಮಾರು 45 ಸೆಂಟಿಮೀಟರ್ ಎತ್ತರವಿರುತ್ತದೆ. ಸ್ಟೂಲು 40 ಸೆಂಟಿಮೀಟರಿಗಿಂತ ತಗ್ಗದಿದ್ದರೆ ಹಿರಿಯರಿಗೆ ಕ್ಷೇಮ. ಪಾದಗಳು ಪೂರ್ತಿ ನೆಲಕ್ಕೆ ತಾಗಿ, ತೊಡೆಗಳು ನೆಲಕ್ಕೆ ಸಮಾನಾಂತರವಾಗಿದ್ದರೆ ಅದು ಸರಿಯಾದ ಎತ್ತರ. ಅಂಥ ಭಂಗಿಯಲ್ಲಿ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಗೆ ಆನಿಸಿದರೆ ದುರ್ಬೀನೂ ನಡುಗದೆ ನಿಲ್ಲುತ್ತದೆ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನು ಕೈಯ ನಡುಕವನ್ನೂ ಎಂಟು ಪಟ್ಟು ಹಿಗ್ಗಿಸುತ್ತದೆಂಬುದನ್ನು ಮರೆಯಲಾಗದು.

ಎರಡನೆಯ ಪ್ರಶ್ನೆ ಕಾಲುಗಳದು. ಮೂರು ಕಾಲೋ, ನಾಲ್ಕು ಕಾಲೋ? ಮುಕ್ಕಾಲಿಗೆ ಒಂದು ವಿಶೇಷ ಗುಣವಿದೆ: ನೆಲ ಎಷ್ಟೇ ಏರುತಗ್ಗಾಗಿರಲಿ, ಅದರ ಮೂರು ಕಾಲುಗಳೂ ನೆಲವನ್ನು ಮುಟ್ಟುತ್ತವೆ, ನಾಲ್ಕು ಕಾಲಿನದು ಅಂಥಲ್ಲಿ ಕುಂಟುತ್ತದೆ. ಮಡಚಿದರೆ ಮುಕ್ಕಾಲಿ ಊರುಗೋಲಿನಷ್ಟೇ ಜಾಗ ಹಿಡಿಯುತ್ತದೆ. ಆದರೆ ಕುಂಟದ ಮುಕ್ಕಾಲಿ ಉರುಳಬಲ್ಲದು. ಕುಳಿತವರ ಭಾರ ಮೂರು ಕಾಲುಗಳ ನಡುವಿನ ತ್ರಿಕೋನದಿಂದ ಆಚೆ ವಾಲಿತೆಂದರೆ, ಹಾರಿದ ಹಕ್ಕಿಯನ್ನು ನೋಡಲು ಥಟ್ಟನೆ ಪಕ್ಕಕ್ಕೆ ಬಾಗಿದವರು ನೆಲವನ್ನು ನೋಡಬೇಕಾದೀತು. ಕಿರಿಯರಿಗೆ ಮುಕ್ಕಾಲಿ ಸಾಕು. ಹಿರಿಯರಿಗೆ ಅಗಲ ಪೀಠದ ಕತ್ತರಿಕಾಲಿನ ಸ್ಟೂಲೇ ಲೇಸು. ಅದರಲ್ಲಿಯೂ ಎರಡೆರಡು ಕಾಲುಗಳನ್ನು ಕೂಡಿಸುವ ಅಡ್ಡಪಟ್ಟಿ ನೆಲಕ್ಕೆ ತಾಗುವಂತಿದ್ದರೆ ಕೆರೆಯ ಕೆಸರಿನಲ್ಲಿ ಹೂತುಹೋಗದು. ಕಾಲಿನ ತುದಿ ಸಣ್ಣದಾಗಿದ್ದರೆ ಅಗಲವಾದ ರಬ್ಬರಿನ ಟೊಪ್ಪಿಗೆಯಾದರೂ ಇರಬೇಕು.

ಕಬ್ಬಿಣ ಗಟ್ಟಿ, ಆದರೆ ಭಾರ. ನೀರಿನ ಬಳಿ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ, ಅಂಥ ತುಕ್ಕಿನ ಭಯವೂ ಇಲ್ಲ. ಕ್ಯಾನ್‌ವಾಸು ಬಹುಕಾಲ ಬಾಳುತ್ತದೆ, ನೆನೆದರೆ ಒಣಗಲು ತಡ. ನೈಲಾನು ಬೇಗ ಒಣಗುತ್ತದೆ. ಬಟ್ಟೆ ಯಾವುದೇ ಇರಲಿ, ಅದು ಕಂಬಿಯನ್ನು ಸುತ್ತುವ ಜಾಗದ ಹೊಲಿಗೆಯನ್ನು ಎಳೆದು ಪರೀಕ್ಷಿಸಬೇಕು; ಸ್ಟೂಲು ಸಾಮಾನ್ಯವಾಗಿ ಸೋಲುವುದು ಅಲ್ಲಿಯೇ. ಎಷ್ಟು ಕಿಲೋ ತಾಳುತ್ತದೆಂದು ಚೀಟಿಯಲ್ಲಿ ಬರೆದಿರುತ್ತದೆ. ಕೂರುವವರ ತೂಕಕ್ಕೆ ಕೈಚೀಲದ ತೂಕವನ್ನೂ ಸೇರಿಸಿ, ಅದಕ್ಕಿಂತ ಸಾಕಷ್ಟು ಹೆಚ್ಚಿನದನ್ನು ಆರಿಸುವುದು ಜಾಣತನ.

ಬಣ್ಣದ ವಿಷಯದಲ್ಲಿ ಮನೆಯ ಮಕ್ಕಳ ಮಾತನ್ನು ಕೇಳಬಾರದು. ಅವರು ಕೆಂಪನ್ನೋ ಹಳದಿಯನ್ನೋ ಬಯಸುತ್ತಾರೆ. ಮನುಷ್ಯನ ಕಣ್ಣಿನಲ್ಲಿ ಬಣ್ಣವನ್ನರಿಯುವ ಕೋಶಗಳು 3 ಬಗೆಯವು. ಹಗಲಿನಲ್ಲಿ ಚಟುವಟಿಕೆಯಿಂದಿರುವ ಬಹುಪಾಲು ಹಕ್ಕಿಗಳಲ್ಲಿ 4 ಬಗೆಯವು. ಎಲೆಹಸುರು, ಮಣ್ಣುಗೆಂಪು, ಒಣಹುಲ್ಲಿನ ಬಣ್ಣಗಳೇ ಸರಿ. ಬಣ್ಣಕ್ಕಿಂತಲೂ ಮುಖ್ಯವಾದದ್ದು ಸದ್ದು. ಅಂಗಡಿಯಲ್ಲಿಯೇ ಕುಳಿತು ಎಡಕ್ಕೆ ಬಲಕ್ಕೆ ಮೈ ತಿರುಗಿಸಿ ನೋಡಬೇಕು. ಕಿರುಗುಟ್ಟುವ ಸ್ಟೂಲು ಸಭಾಮಂಟಪಕ್ಕೆ ಹೇಗೋ ನಡೆದೀತು, ಕೆರೆಯ ದಡಕ್ಕೆ ಸಲ್ಲದು. ಒಂದರೊಳಗೊಂದು ಅಡಗುವ ಪ್ಲಾಸ್ಟಿಕ್ ಬಳೆಗಳ ಸ್ಟೂಲು ಈಗ ಜನಪ್ರಿಯವಾಗಿದೆ. ಅದನ್ನು ಎಳೆದು ನಿಲ್ಲಿಸುವಾಗ ‘ಟಕಟಕ’ ಎನ್ನುತ್ತದೆ. ಕೊಂಡವರು ದೂರದಲ್ಲಿಯೇ ಬಿಚ್ಚಿಟ್ಟುಕೊಂಡು ಹತ್ತಿರ ಹೋಗಬೇಕು.

ಎಲ್ಲ ಕಡೆಗೂ ಸ್ಟೂಲು ಹೊರಬೇಕಾಗಿಲ್ಲ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯ ಹಲಗೆಯೇ ಆಸನ. ಮರದ ನೆತ್ತಿಯ ಹಕ್ಕಿಗಳನ್ನು ಕುಳಿತು ನೋಡಿದರೆ ಕತ್ತು ನೋಯುತ್ತದೆ. ಸ್ಟೂಲಿನ ನಿಜವಾದ ನೆಲೆ ಬಯಲು, ಗದ್ದೆಯ ಅಂಚು, ಕೆರೆಯ ದಡ. ಮೈಸೂರಿನ ಕುಕ್ಕರಹಳ್ಳಿ ಕೆರೆಯಂಥ, ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ತಾಣಗಳು. ಅಲ್ಲಿಯೂ ಗೂಡುಗಳ ಹತ್ತಿರ ಪೀಠ ಹಾಕುವುದು ಅತಿಥಿಯ ಲಕ್ಷಣವಲ್ಲ. ಹಕ್ಕಿ ಮೇಯುವುದನ್ನು ಬಿಟ್ಟು ಕತ್ತೆತ್ತಿ ನೋಡತೊಡಗಿದರೆ, ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯಬೇಕೆಂಬ ಸೂಚನೆ ಅದು.

ಕಡೆಯದಾಗಿ ಒಂದು ಮಾತು. ಸ್ಟೂಲನ್ನು ಕೂರುವ ಸುಖ ನೋಡಿ ಕೊಳ್ಳಬಾರದು. ಏಳುವ ಸುಲಭ ನೋಡಿ ಕೊಳ್ಳಬೇಕು. ಕೊಳ್ಳುವ ದಿನ ಮನೆಯ ಅಜ್ಜಿಯನ್ನೋ ಅಜ್ಜನನ್ನೋ ಅಂಗಡಿಗೆ ಕರೆದೊಯ್ಯುವುದು ಉಚಿತ. ಇಪ್ಪತ್ತು ನಿಮಿಷ ಕುಳಿತು, ಯಾರ ಕೈಯನ್ನೂ ಹಿಡಿಯದೆ ಅವರು ಯಾವುದರಿಂದ ಮೇಲೆದ್ದರೋ ಅದನ್ನೇ ಕಟ್ಟಿಸಿಕೊಳ್ಳಬಹುದು. ಅದು ಕೊಂಚ ಭಾರವಾದರೆ ಚಿಂತೆಯಿಲ್ಲ, ಹೊರಲು ಮೊಮ್ಮಗನಿದ್ದಾನೆ. ಅವನು ಹುಲ್ಲಿನ ಮೇಲೆ ಕುಳಿತು, ಹಕ್ಕಿಗಳ ಹೆಸರನ್ನು ಕೇಳಿ ಬರೆದುಕೊಳ್ಳಲಿ.