ಟೂತ್‌ಬ್ರಷ್‌ ಹಿಡಿ ಕತ್ತರಿಸುವವರ ಬ್ಯಾಗಿನಲ್ಲಿ ಕುರ್ಚಿ ಯಾಕಿರುತ್ತೆ?

ನಮ್ಮ ಕಸಿನ್‌ಗಳ ವಾಟ್ಸಾಪ್ ಗುಂಪಿಗೆ ಇತ್ತೀಚೆಗೆ ಒಂದು ವಿಡಿಯೊ ಫಾರ್ವರ್ಡ್ ಆಗಿ ಬಂತು. ಗಡ್ಡದ ಹುಡುಗನೊಬ್ಬ ಟೂತ್‌ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸುತ್ತಾನೆ, ಅಂಗಿಯ ಲೇಬಲ್ ಕಿತ್ತುಹಾಕುತ್ತಾನೆ, ಬ್ಯಾಗಿನ ಉದ್ದನೆಯ ಪಟ್ಟಿಗಳನ್ನು ಕತ್ತರಿಯಲ್ಲಿ ಕಚಕ್ ಅನ್ನಿಸುತ್ತಾನೆ. ‘ಪ್ರತಿ ಗ್ರಾಂ ಲೆಕ್ಕಕ್ಕೆ ಬರುತ್ತೆ, ಟ್ರೆಕ್ಕಿಂಗ್ ಹೋಗುವ ಎಲ್ಲರಿಗೂ ಕಳಿಸಿ’ ಅನ್ನುವುದು ಕೆಳಗಿನ ಬರಹ. ಡಿಸೆಂಬರಿನಲ್ಲಿ ಮೊದಲ ಸಲ ಹಿಮಾಲಯಕ್ಕೆ ಹೊರಟಿರುವ ನನ್ನ ದೊಡ್ಡಮ್ಮನ ಮಗ ಅದನ್ನು ನೋಡಿ, ಬ್ರಷ್ ಜೊತೆಗೆ ಹೆಡ್‌ಟಾರ್ಚನ್ನೂ ರೇನ್‌ಕೋಟನ್ನೂ ಪಟ್ಟಿಯಿಂದ ತೆಗೆದುಬಿಟ್ಟ. ‘ಮೊಬೈಲ್‌ನಲ್ಲೇ ಟಾರ್ಚ್ ಇದೆಯಲ್ಲ!’

ವಿಡಿಯೊ ಸುಳ್ಳಲ್ಲ. ಹಾಗೆ ಬ್ರಷ್ ಕತ್ತರಿಸುವವರು ನಿಜವಾಗಿಯೂ ಇದ್ದಾರೆ. ಆದರೆ ವಿಡಿಯೊ ಹೇಳದ ಒಂದು ಸಂಗತಿಯಿದೆ. ಅದೇ ಜನರ ಬ್ಯಾಗಿನ ತಳದಲ್ಲಿ ಬಹಳ ಸಲ ಅರ್ಧ ಕಿಲೋ ತೂಕದ ಮಡಚುವ ಕುರ್ಚಿ, ಗಾಳಿ ತುಂಬುವ ದಿಂಬು, ಕಾಫಿ ಸೋಸುವ ಸರಂಜಾಮು, ಇ-ಬುಕ್ ರೀಡರ್, ಕೆಲವೊಮ್ಮೆ ಯುಕುಲೇಲೆ ಕೂಡ ಇರುತ್ತೆ. ಅಮೆರಿಕದ ಚಾರಣಿಗರು ಇದನ್ನು ‘ಲಕ್ಷುರಿ ಐಟಂ’ ಎಂದೇ ಕರೆಯುತ್ತಾರೆ. ಹತ್ತು ಗ್ರಾಂಗೆ ಕತ್ತರಿ ಹಿಡಿಯುವವರು ಐನೂರು ಗ್ರಾಂ ಕುರ್ಚಿ ಹೊರುವುದು ಬೂಟಾಟಿಕೆಯಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಈ ‘ಅಲ್ಟ್ರಾಲೈಟ್’ ಎಲ್ಲಿಂದ ಬಂತು?

ಇದು ಹುಟ್ಟಿದ್ದು ಅಮೆರಿಕದ ಉದ್ದುದ್ದ ಕಾಲುದಾರಿಗಳಲ್ಲಿ. ಜಾರ್ಜಿಯಾದಿಂದ ಮೇನ್‌ವರೆಗಿನ ಅಪಲಾಚಿಯನ್ ಟ್ರೇಲ್ ಸುಮಾರು 3,500 ಕಿಲೋಮೀಟರ್. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗಿನ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಸುಮಾರು 4,265 ಕಿಲೋಮೀಟರ್. ಪೂರ್ತಿ ನಡೆಯಲು ನಾಲ್ಕರಿಂದ ಆರು ತಿಂಗಳು ಬೇಕು. ನಮ್ಮ ಎರಡು ದಿನದ ಕುದುರೆಮುಖ ಪ್ರವಾಸಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಅಷ್ಟು ದೂರ ಇಪ್ಪತ್ತು ಕಿಲೋ ಹೊತ್ತರೆ ಮಂಡಿಯ ಗತಿ ಏನು ಅನ್ನುವುದು ಅಲ್ಲಿ ತಮಾಷೆಯ ಪ್ರಶ್ನೆಯಲ್ಲ.

1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, ಅಪಲಾಚಿಯನ್ ಟ್ರೇಲನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್‌ವಾಸ್ ಶೂ, ಹೆಗಲಿಗೆ ಮನೆಯಲ್ಲೇ ಹೊಲಿದ ಚೀಲ. ಟೆಂಟ್ ಇಲ್ಲ, ಮಳೆ ಬಂದರೆ ಹೊದೆಯಲು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಆ ನಂತರ ಇನ್ನೂ ಎರಡು ಸಲ ಅದೇ ದಾರಿ ಕ್ರಮಿಸಿದರು. ಇದನ್ನೊಂದು ಪದ್ಧತಿಯಾಗಿ ಬರೆದವರು ರೇ ಜಾರ್ಡೀನ್, ಬಾಹ್ಯಾಕಾಶ ಕ್ಷೇತ್ರದಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್. 1990ರ ದಶಕದಲ್ಲಿ ಬಂದ ಅವರ ಕೈಪಿಡಿಗಳನ್ನು ಓದಿದವರು ತಕ್ಕಡಿ ಹಿಡಿದು ಕೂತರು.

ಈಗ ಒಂದು ರೂಢಿಯ ಅಳತೆಯಿದೆ. ಊಟ, ನೀರು, ಇಂಧನ ಬಿಟ್ಟು ಬ್ಯಾಗಿನಲ್ಲಿ ಉಳಿದದ್ದೆಲ್ಲ ‘ಬೇಸ್ ವೇಟ್’. ಇದು ಹತ್ತು ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ, ಒಳಗಿದ್ದರೆ ನೀವು ಅಲ್ಟ್ರಾಲೈಟ್. ಈ ಹತ್ತು ಪೌಂಡ್‌ಗೆ ವೈದ್ಯಕೀಯ ಆಧಾರವೇನೂ ಇಲ್ಲ. ಗುಂಡಗಿನ ಸಂಖ್ಯೆ, ನೆನಪಿಡಲು ಸುಲಭ, ಅಷ್ಟೇ.

ಪ್ರತಿ ಗ್ರಾಂ ನಿಜವಾಗಿಯೂ ಲೆಕ್ಕಕ್ಕೆ ಬರುತ್ತಾ?

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಹೊರೆ ಹೊತ್ತು ನಡೆಯಲು ಎಷ್ಟು ಶಕ್ತಿ ಬೇಕು ಎಂದು ಅಂದಾಜಿಸಲು ಅಮೆರಿಕದ ಸೇನೆಯ ಸಂಶೋಧಕರು 1977ರಲ್ಲಿ ಒಂದು ಸೂತ್ರ ಪ್ರಕಟಿಸಿದರು. ಪ್ಯಾಂಡಾಲ್ಫ್ ಸಮೀಕರಣ ಎಂದು ಅದರ ಹೆಸರು. ದೇಹದ ತೂಕ, ಹೊರೆ, ವೇಗ, ಏರು ಮತ್ತು ನೆಲ ಎಂಥದ್ದು ಎಂಬುದನ್ನು ಕೊಟ್ಟರೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಅದು ಹೇಳುತ್ತದೆ. ನಾನು ಕೂತು ಲೆಕ್ಕ ಮಾಡಿದೆ.

65 ಕಿಲೋ ತೂಕದ ವ್ಯಕ್ತಿ ಏಳು ಕಿಲೋ ಬ್ಯಾಗು ಹೊತ್ತು, ಸ್ವಲ್ಪ ಹುಲ್ಲು ಪೊದೆಯಿರುವ ಸಮತಟ್ಟಾದ ದಾರಿಯಲ್ಲಿ ಗಂಟೆಗೆ ಸುಮಾರು 4.3 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಾನೆ ಅಂದುಕೊಳ್ಳಿ. ಎಂಟು ಗಂಟೆಗೆ ಸುಮಾರು 2,000 ಕ್ಯಾಲರಿ ಖರ್ಚು. ಈಗ ಅರ್ಧ ಕಿಲೋ ಕುರ್ಚಿ ಸೇರಿಸಿ. ಖರ್ಚು ಹೆಚ್ಚಾಗುವುದು ಶೇಕಡಾ ಅರ್ಧದಷ್ಟು, ಹತ್ತು ಹನ್ನೊಂದು ಕ್ಯಾಲರಿ. ದಿನವಿಡೀ ಹತ್ತಕ್ಕೆ ಒಂದರ ಏರು ಹತ್ತಿದರೂ ಹೆಚ್ಚುವರಿ ಮೂವತ್ತು ಕ್ಯಾಲರಿ ಮುಟ್ಟುವುದಿಲ್ಲ. ಒಂದು ಗ್ಲೂಕೋಸ್ ಬಿಸ್ಕತ್ತಿನ ಆಸುಪಾಸು. ಟೂತ್‌ಬ್ರಷ್ ಹಿಡಿಯ ಹತ್ತು ಗ್ರಾಂ ಉಳಿತಾಯವನ್ನು ಇದೇ ಸೂತ್ರಕ್ಕೆ ಹಾಕಿದರೆ ಬರುವ ಉತ್ತರ ಬಿಸ್ಕತ್ತಿನ ಪುಡಿಯಷ್ಟೂ ಇಲ್ಲ.

ಹಾಗಾದರೆ ತೂಕ ಇಳಿಸುವುದೇ ದಂಡವಾ? ಅಲ್ಲ. ಅದೇ ಲೆಕ್ಕದಲ್ಲಿ ಏಳು ಕಿಲೋ ಬದಲು ಹದಿನೈದು ಕಿಲೋ ಹಾಕಿ ನೋಡಿ. ಖರ್ಚು ಶೇಕಡಾ ಹತ್ತರಷ್ಟು ಏರುತ್ತದೆ. ಲಾಭ ಇರುವುದು ಕಿಲೋಗಳಲ್ಲಿ, ಗ್ರಾಂಗಳಲ್ಲಲ್ಲ. ಟೆಂಟು, ಸ್ಲೀಪಿಂಗ್ ಬ್ಯಾಗು, ಮಲಗುವ ಚಾಪೆ ಮತ್ತು ಖಾಲಿ ಬ್ಯಾಗಿನ ಸ್ವಂತ ತೂಕ, ಈ ನಾಲ್ಕರಲ್ಲೇ ಬಹುಪಾಲು ಭಾರ ಕೂತಿರುತ್ತದೆ. ಅನುಭವಿಗಳು ಮೊದಲು ಕೈ ಹಾಕುವುದು ಅಲ್ಲಿಗೇ. ಬ್ರಷ್ ಕತ್ತರಿಸುವುದು ವಿಡಿಯೊಗೆ ಚೆನ್ನಾಗಿ ಕಾಣುತ್ತೆ. ಸ್ಲೀಪಿಂಗ್ ಬ್ಯಾಗ್ ಬದಲಿಸಿದ್ದನ್ನು ಹದಿನೈದು ಸೆಕೆಂಡಿನಲ್ಲಿ ತೋರಿಸಲಾಗುವುದಿಲ್ಲ.

ಸೂತ್ರಕ್ಕೂ ಮಿತಿಯಿದೆ ಅನ್ನಿ. ಹೆಗಲ ಉರಿ, ಇಳಿಜಾರಿನಲ್ಲಿ ಮಂಡಿಗೆ ಬೀಳುವ ಪೆಟ್ಟು ಇವೆಲ್ಲ ಅದರ ಲೆಕ್ಕದಲ್ಲಿಲ್ಲ. ಹಾಗಾಗಿ ‘ಅರ್ಧ ಕಿಲೋ ಏನೂ ಅಲ್ಲ’ ಎಂದು ಹತ್ತು ಸಲ ಹೇಳಿಕೊಂಡರೆ ಐದು ಕಿಲೋ ಆಗಿರುತ್ತದೆ. ಲಕ್ಷುರಿ ಐಟಂ ಎಂಬುದು ಬಹುವಚನವಾಗದೆ ಏಕವಚನದಲ್ಲೇ ಉಳಿದಿರುವುದಕ್ಕೆ ಕಾರಣ ಇದು. ಸಾಮಾನ್ಯವಾಗಿ ಒಬ್ಬರಿಗೆ ಒಂದು, ಬಹಳವೆಂದರೆ ಎರಡು.

ಇನ್ನೊಂದು ಸ್ವಾರಸ್ಯ ಪಾದದ್ದು. ಕಾಲಿಗೆ ಕಟ್ಟಿದ ತೂಕ ಬೆನ್ನಿನ ತೂಕಕ್ಕಿಂತ ಸುಮಾರು ನಾಲ್ಕರಿಂದ ಆರು ಪಟ್ಟು ಹೆಚ್ಚು ಶಕ್ತಿ ತಿನ್ನುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಿ ನಿಲ್ಲಿಸಬೇಕಲ್ಲ, ಅದಕ್ಕೆ. ಒಂದೊಂದು ಶೂ ನೂರು ಗ್ರಾಂ ಹಗುರವಾದರೆ ಬೆನ್ನಿನಿಂದ ಹತ್ತಿರಹತ್ತಿರ ಒಂದು ಕಿಲೋ ಇಳಿಸಿದ ಹಾಗೆ. ಕುರ್ಚಿಯ ಬಾಡಿಗೆ ಅಲ್ಲೇ ಸಂದಾಯವಾಯಿತು, ಚಿಲ್ಲರೆಯೂ ಉಳಿಯಿತು. (ಹಿಮದ ಮೇಲೆ ನಡೆಯುವಾಗ ಮಾತ್ರ ತೆಳ್ಳನೆಯ ಶೂ ಸಾಹಸ ಬೇಡ.)

ಪಟ್ಟಿಯಲ್ಲಿ ಏನೇನಿರುತ್ತೆ?

ದಿಂಬೇ ಮೊದಲು. ಗಾಳಿ ತುಂಬುವ ದಿಂಬು ನೂರು ಗ್ರಾಂ ಒಳಗೇ ಸಿಗುತ್ತದೆ. ಜಾಕೆಟ್ ಸುತ್ತಿ ತಲೆಯಡಿ ಇಟ್ಟುಕೊಳ್ಳಿ ಎಂಬುದು ಶುದ್ಧ ಅಲ್ಟ್ರಾಲೈಟ್ ಉಪದೇಶ. ನಾನು ಕೇದಾರಕಂಠಕ್ಕೆ ಹೋದಾಗ ಅದನ್ನೇ ನಂಬಿದ್ದೆ. ರಾತ್ರಿ ಚಳಿ ಏರಿದಂತೆ ದಿಂಬಾಗಿದ್ದ ಜಾಕೆಟ್ ಮೈಮೇಲೆ ಬಂತು, ತಲೆ ನೆಲಕ್ಕೆ ಬಂತು. ನಿದ್ದೆ ಕೆಟ್ಟ ಮರುದಿನ ಅದೇ ಏರು, ಅದೇ ಬ್ಯಾಗು ಹೆಚ್ಚು ಕಷ್ಟವೆನಿಸುತ್ತದೆ ಎಂಬುದು ನಿದ್ದೆಯ ಮೇಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ವಿಷಯ. ನೂರು ಗ್ರಾಂ ದಿಂಬು ಹಲವರಿಗೆ ನೂರು ಗ್ರಾಂಗಿಂತ ಹೆಚ್ಚು ಭಾರವನ್ನು ಇಳಿಸುತ್ತದೆ.

ಮಲಗುವಾಗ ಮಾತ್ರ ಹಾಕುವ ಒಣ ಕಾಲುಚೀಲ, ಸಂಜೆ ಶೂ ಬಿಚ್ಚಿದ ಮೇಲೆ ಮೆಟ್ಟುವ ಹಗುರ ಚಪ್ಪಲಿ ಕೂಡ ಇದೇ ಜಾತಿಯವು. ಪುಸ್ತಕ ಒಯ್ಯುವವರಲ್ಲಿ ಓದಿ ಮುಗಿಸಿದ ಹಾಳೆಗಳನ್ನು ಹರಿಯುತ್ತಾ ಹೋಗುವವರಿದ್ದಾರೆ. ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ಕೇಳಲೂ ಕಷ್ಟ. ಕುರ್ಚಿಯನ್ನು ನಾನು ಮೊದಲು ನಕ್ಕು ತಳ್ಳಿಹಾಕಿದ್ದೆ. ಆದರೆ ಐದು ತಿಂಗಳು ದಿನವೂ ಬಂಡೆ ಮತ್ತು ಒದ್ದೆ ಮಣ್ಣಿನ ಮೇಲೆ ಕೂರಬೇಕಾದವರ ಬೆನ್ನನ್ನು ಕಲ್ಪಿಸಿಕೊಂಡ ಮೇಲೆ ನಗು ಬರಲಿಲ್ಲ.

ಅಪಲಾಚಿಯನ್ ಟ್ರೇಲನ್ನು ಒಂದೇ ಬಾರಿಗೆ ಮುಗಿಸುತ್ತೇನೆಂದು ಹೊರಟವರಲ್ಲಿ ಗುರಿ ಮುಟ್ಟುವುದು ಸುಮಾರು ನಾಲ್ವರಲ್ಲಿ ಒಬ್ಬರು. ಗಾಯ, ಹಣದ ಕೊರತೆಯ ಜೊತೆಗೆ ಬೇಸರವೂ ಜನರನ್ನು ಮನೆಗೆ ಕಳಿಸುತ್ತದೆ. ಒಂದು ಲೋಟ ಸರಿಯಾದ ಕಾಫಿ ಆ ಬೇಸರದ ವಿರುದ್ಧದ ಸಾಮಾನು.

ತೂಕದ ಕಟ್ಟುನಿಟ್ಟು ಮತ್ತು ಮನಸ್ಸಿನ ಆಸರೆ ಒಟ್ಟಿಗೆ ಹೋದ ದೊಡ್ಡ ಉದಾಹರಣೆ ಅಂಟಾರ್ಕ್ಟಿಕಾದ್ದು. ಅವರು ಚಾರಣಿಗರಲ್ಲ, ಬದುಕುಳಿಯಲು ಹೋರಾಡುತ್ತಿದ್ದವರು. 1915ರಲ್ಲಿ ಅರ್ನೆಸ್ಟ್ ಶಾಕಲ್ಟನ್ ಅವರ ಎಂಡ್ಯೂರೆನ್ಸ್ ಹಡಗು ಹಿಮಗಡ್ಡೆಗಳ ನಡುವೆ ಸಿಕ್ಕು ನುಚ್ಚಾಯಿತು. ಒಬ್ಬೊಬ್ಬರೂ ಎರಡು ಪೌಂಡ್, ಅಂದರೆ ಒಂದು ಕಿಲೋಗೂ ಕಡಿಮೆ, ಖಾಸಗಿ ವಸ್ತು ಮಾತ್ರ ಇಟ್ಟುಕೊಳ್ಳಬೇಕೆಂದು ಆಜ್ಞೆಯಾಯಿತು. ಶಾಕಲ್ಟನ್ ತಮ್ಮ ಚಿನ್ನದ ನಾಣ್ಯಗಳನ್ನೇ ಹಿಮದ ಮೇಲೆ ಎಸೆದರು. ಆದರೆ ಹವಾಮಾನ ತಜ್ಞ ಲೆನರ್ಡ್ ಹಸ್ಸಿ ಅವರ ಸುಮಾರು ಐದೂವರೆ ಕಿಲೋ ತೂಕದ ಬ್ಯಾಂಜೊ ವಾದ್ಯವನ್ನು ಮಾತ್ರ ಬಿಡಬಾರದು, ಅದು ಮನಸ್ಸಿಗೆ ಔಷಧ ಎಂದರು. ಮುಂದೆ ಎಲಿಫೆಂಟ್ ದ್ವೀಪದಲ್ಲಿ 22 ಜನ ನಾಲ್ಕೂವರೆ ತಿಂಗಳು ರಕ್ಷಣೆಗಾಗಿ ಕಾದರು. ಅಲ್ಲಿ ಆ ಬ್ಯಾಂಜೊ ನುಡಿಯುತ್ತಿತ್ತು. ಎಲ್ಲ 22 ಜನರೂ ಬದುಕಿ ಬಂದರು. ಬ್ಯಾಂಜೊದಿಂದಲೇ ಬದುಕಿದರು ಎಂದು ಫಾರ್ವರ್ಡ್ ಮಾಡಬೇಡಿ. ಸೀಲ್ ಮತ್ತು ಪೆಂಗ್ವಿನ್ ಮಾಂಸ, ತಲೆಕೆಳಗಾಗಿಸಿದ ದೋಣಿಗಳ ಸೂರು ಇವೆಲ್ಲ ಇದ್ದವು.

ಲಕ್ಷುರಿ ಯಾವುದು, ಅಲ್ಲದ್ದು ಯಾವುದು?

ನನ್ನ ದೊಡ್ಡಮ್ಮನ ಮಗ ಎಡವಿದ್ದು ಇಲ್ಲಿ. ಜನ ತಮ್ಮ ಭಯಗಳನ್ನೇ ಬ್ಯಾಗಿಗೆ ತುಂಬಿಕೊಳ್ಳುತ್ತಾರೆ ಎಂಬ ಮಾತು ಅಮೆರಿಕದ ಚಾರಣಿಗರಲ್ಲಿದೆ. ಹಸಿವಿನ ಭಯವಿದ್ದವರು ಮೂರು ದಿನದ ಹೆಚ್ಚುವರಿ ತಿಂಡಿ, ಕೊಳಕಿನ ಭಯವಿದ್ದವರು ಆರು ಜೊತೆ ಬಟ್ಟೆ. ‘ಇರಲಿ, ಬೇಕಾಗಬಹುದು’ ಎಂದು ಹಾಕಿಕೊಂಡು ಬಳಸದೆ ವಾಪಸ್ ತರುವ ಸಾಮಾನು ಲಕ್ಷುರಿಯಲ್ಲ, ಬರೀ ಭಾರ. ದಿನಾ ಬಳಸಿ ದಿನಾ ಸುಖಪಡುವುದು ಲಕ್ಷುರಿ. ಇವೆರಡಕ್ಕೂ ಸೇರದ ಮೂರನೆಯ ಗುಂಪೊಂದಿದೆ: ಬಳಸದೆ ವಾಪಸ್ ತಂದರೆ ಖುಷಿಪಡಬೇಕಾದ ಸಾಮಾನು. ಟಾರ್ಚ್, ಪ್ರಥಮ ಚಿಕಿತ್ಸೆ, ಮಳೆ ಅಂಗಿ, ಹೆಚ್ಚುವರಿ ಬೆಚ್ಚನೆ ಪದರ, ದಿಕ್ಕು ತಿಳಿಯುವ ಸಾಧನ, ಬೆಂಕಿ ಹೊತ್ತಿಸುವ ವ್ಯವಸ್ಥೆ. ಸಿಯಾಟಲ್‌ನ ‘ದಿ ಮೌಂಟೆನಿಯರ್ಸ್’ ಸಂಘ 1930ರ ದಶಕದಲ್ಲೇ ಇಂಥ ಹತ್ತರ ಪಟ್ಟಿ ಮಾಡಿತ್ತು. ಅದು ಇವತ್ತಿಗೂ ಬಳಕೆಯಲ್ಲಿದೆ. ಇದಕ್ಕೆ ಕತ್ತರಿ ಹಾಕುವವರನ್ನು ಅಲ್ಟ್ರಾಲೈಟ್ ಜನರೇ ‘ಸ್ಟುಪಿಡ್ ಲೈಟ್’ ಎನ್ನುತ್ತಾರೆ. ಮೊಬೈಲ್ ಟಾರ್ಚ್ ವಿಷಯ ಹೇಳುವುದಾದರೆ, ಲಿಥಿಯಂ ಬ್ಯಾಟರಿ ಚಳಿಯಲ್ಲಿ ಬೇಗ ಸೋಲುತ್ತದೆ. ಜಾರುವ ದಾರಿಯಲ್ಲಿ ಒಂದು ಕೈಯಲ್ಲಿ ಫೋನ್ ಹಿಡಿದು ಇಳಿಯುವುದೂ ಆಗದ ಕೆಲಸ.

2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಬಹುತೇಕ ಕರ್ನಾಟಕದವರೇ ಇದ್ದ 22 ಜನರ ತಂಡ ಕೆಟ್ಟ ಹವೆಗೆ ಸಿಕ್ಕು ಒಂಬತ್ತು ಮಂದಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅವರ ಬ್ಯಾಗುಗಳ ಬಗ್ಗೆ ತೀರ್ಪು ಕೊಡಲು ಇದನ್ನು ಹೇಳುತ್ತಿಲ್ಲ. ನಮ್ಮೂರಿನ ಬೇಸಿಗೆಯ ಲೆಕ್ಕ ಅಲ್ಲಿನ ಎತ್ತರಕ್ಕೆ ಹೊಂದುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಜಾಗ ಬದಲಾದರೆ ಲಕ್ಷುರಿಯ ಅರ್ಥವೂ ಬದಲಾಗುತ್ತದೆ. ಮಲೆನಾಡಿನ ಹೋಮ್‌ಸ್ಟೇ ಅಂಗಳದಲ್ಲಿ ಮಲಗಿದರೆ ದಪ್ಪ ಚಾಪೆ ಸುಖ ಮಾತ್ರ. ಹಿಮದ ಮೇಲೆ ಅದೇ ಚಾಪೆ ಜೀವ ಉಳಿಸುವ ಪದರ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ನಮ್ಮ ಮೈಭಾರಕ್ಕೆ ಅಪ್ಪಚ್ಚಿಯಾಗಿ ಬಿಸಿ ಹಿಡಿದಿಡುವ ಗುಣ ಕಳೆದುಕೊಳ್ಳುತ್ತದೆ, ಮೈಯ ಶಾಖ ನೇರ ನೆಲಕ್ಕೆ ಹರಿಯುತ್ತದೆ. ಅಲ್ಲಿ ಚಾಪೆಯಲ್ಲಿ ಇನ್ನೂರು ಗ್ರಾಂ ಉಳಿಸಲು ಹೋಗುವುದು ಕೆಟ್ಟ ವ್ಯಾಪಾರ.

ನಮ್ಮಲ್ಲಿ ಇನ್ನೂ ಒಂದು ತೊಡಕಿದೆ. ಹಿಮಾಲಯದ ಬಹಳಷ್ಟು ಪ್ಯಾಕೇಜ್ ಚಾರಣಗಳಲ್ಲಿ ದುಡ್ಡು ಕೊಟ್ಟರೆ ನಮ್ಮ ಬ್ಯಾಗನ್ನು ಹೇಸರಗತ್ತೆಯೋ ಪೋರ್ಟರೋ ಹೊರುತ್ತಾರೆ. ಆಗ ಕುರ್ಚಿಯೂ ಸ್ಪೀಕರೂ ನಮಗೆ ತೂಕವೇ ಅಲ್ಲ. ಅಮೆರಿಕದ ಚಾರಣಿಗ ತನ್ನ ಬೆನ್ನಿನ ಮೇಲೆ ಹೊತ್ತು ‘ಇದು ನನಗೆ ಬೇಕೇ ಬೇಕು’ ಅನ್ನುವುದಕ್ಕೂ, ಬೇರೆಯವರ ಬೆನ್ನಿಗೆ ಹಾಕಿ ಅನ್ನುವುದಕ್ಕೂ ವ್ಯತ್ಯಾಸವಿದೆ ಅಂತ ನನಗನ್ನಿಸುತ್ತದೆ.

ಪಶ್ಚಿಮ ಘಟ್ಟಕ್ಕೆ ಹೊರಟಿದ್ದರೆ ಈ ಗ್ರಾಂ ಗಲಾಟೆಯೆಲ್ಲ ಬಹುತೇಕ ಅನಗತ್ಯ. ಕುಮಾರಪರ್ವತ, ಕುದುರೆಮುಖ ಈಗ ಹೆಚ್ಚಾಗಿ ಒಂದೇ ದಿನದ ನಡಿಗೆ, ಟೆಂಟು ಸ್ಲೀಪಿಂಗ್ ಬ್ಯಾಗಿನ ಪ್ರಶ್ನೆಯಿಲ್ಲ. ಬ್ಯಾಗಿನಲ್ಲಿ ಅತಿ ಭಾರದ ವಸ್ತು ನೀರೇ, ಮೂರು ಲೀಟರ್ ಅಂದರೆ ಮೂರು ಕಿಲೋ. ಬಿಸಿಲಿನ ದಿನ ಅದನ್ನು ಮಾತ್ರ ಕಡಿಮೆ ಮಾಡಬೇಡಿ. ಉಳಿದಂತೆ ನಾನು ಒಯ್ಯುವುದು ಅಜ್ಜಿ ಮನೆಯ ಒಂದು ಸ್ಟೀಲ್ ಲೋಟ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದೆ, 84 ಗ್ರಾಂ. ದೊಡ್ಡಮ್ಮನ ಮಗ ಟಾರ್ಚನ್ನೂ ರೇನ್‌ಕೋಟನ್ನೂ ವಾಪಸ್ ಪಟ್ಟಿಗೆ ಸೇರಿಸಿದ್ದಾನೆ. ಬ್ರಷ್ ಮಾತ್ರ ಆಗಲೇ ಕತ್ತರಿಸಿಯಾಗಿತ್ತು.