ಹಲಗಿ ಪಬ್ಬಿಗೆ ಹೋದದ್ದಕ್ಕೆ ಸಿಟ್ಟಾದವರಿಗೆ



ಹೋದ ವಾರ ನಮ್ಮ ಗ್ರೂಪಿನಲ್ಲಿ ಒಂದು ವಿಡಿಯೋ ಹರಿದಾಡಿತು. ಕತ್ತಲು, ಹೊಗೆ, ಕರಿ ಟೀಶರ್ಟು ಹಾಕಿದ ಉದ್ದ ಕೂದಲಿನ ಹುಡುಗರು, ನಡುವೆ ನಮ್ಮಣ್ಣನ ಮಗ ಹಲಗಿ ಬಾರಿಸ್ತಿದ್ದಾನೆ. ಮೂಲೆಯಲ್ಲಿ ನಾನು ಕಿವಿಗೆ ಹತ್ತಿ ಇಟ್ಕೊಂಡು ನಿಂತಿದ್ದೇನೆ. ಅದರ ಕೆಳಗೆ ಬಂದ ಮಾತು ಎಲ್ಲರೂ ಓದಿದ್ದೀರಿ. "ಮೂವತ್ತು ವರ್ಷ ಹೋರಾಡಿ ಹೆಗಲಿಂದ ಇಳಿಸಿದ ಹಲಗಿ ಈಗ ಬೆಂಗಳೂರಿನ ಬಾರಿನಾಗ ಬಾರಿಸ್ತಾರ." "ಸಂಘಟನೆಯವರ ಮನಿಯವರ ಹಿಂಗ ಮಾಡಿದ್ರ ಹೆಂಗ?" ನಾನು ಗೌರವಿಸುವ ಹಿರಿಯರೊಬ್ಬರು ಬರೀ "ನಾಚಿಕೆ" ಅಂತ ಒಂದೇ ಶಬ್ದ ಹಾಕಿದರು. ಫೋನ್ ಮಾಡಿ ಬೈದಿದ್ರೆ ಕೇಳ್ಕೊಂಡು ಸುಮ್ಮನಿರ್ತಿದ್ದೆ. ಎಲ್ಲರ ಮುಂದೆ ಹೇಳಿದ್ದಕ್ಕೆ ಎಲ್ಲರ ಮುಂದೆಯೇ ಉತ್ತರ.

ಅದು ಡೂಮ್ ಮೆಟಲ್ ಅನ್ನೋ ಸಂಗೀತದ ಎರಡು ದಿನದ ಮೇಳ. ಎರಡನೇ ಶನಿವಾರ, ಆಫೀಸಿಗೆ ರಜೆ. "ಕಾಕಾ, ಒಂದ್ ಹಾಡಿಗೆ ನಾನೂ ಬಾರಸಾಕತ್ತೇನಿ, ನೀವರ ಬರ್ರಿ, ಅಪ್ಪಗ ಹೇಳಬ್ಯಾಡ್ರಿ" ಅಂದ. ರಾಣೆಬೆನ್ನೂರಿನಿಂದ ರಾತ್ರಿ ಬಸ್ಸು ಹತ್ತಿದೆ. ಡೂಮ್ ಅಂದರೆ ಕೇಡು, ಮುಂದೆ ಕಾದಿರುವ ಕೆಟ್ಟ ಗಳಿಗೆ. ದೇವರಗುಡ್ಡದ ಬುಡದಾಗ ಬೆಳೆದವನಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆಯುಧಪೂಜೆ ದಿನ ಗೊರವಪ್ಪ ಬಿಲ್ಲು ಏರಿ "ಸದ್ದಲೇ" ಅಂದ ಕೂಡಲೇ ಆ ಜನಸಾಗರ ಉಸಿರು ಬಿಗಿ ಹಿಡಿದು ನಿಲ್ತದಲ್ಲ, ಆ ಮೌನವನ್ನು ಒಂದು ತಾಸು ಎಳೆದರೆ ಹೆಂಗೋ ಹಂಗ ಈ ಸಂಗೀತ. ಒಂದು ಪೆಟ್ಟು ಬೀಳ್ತದೆ, ಮುಂದಿನ ಪೆಟ್ಟಿಗೆ ಕಾಯಬೇಕು. ನೆಲ ನಡುಗ್ತದೆ, ಎದೆಯೊಳಗೆ ಕೇಳಿಸ್ತದೆ. ಕಾರಣಿಕ ಕೇಳಿದ ಜನ ಮಳೆ ಲೆಕ್ಕ ಹಾಕ್ತಾರೆ, ಬೆಳೆ ಲೆಕ್ಕ ಹಾಕ್ತಾರೆ, ಸರ್ಕಾರ ಉಳೀತದೋ ಬೀಳ್ತದೋ ಅಂತಾರೆ. ನಮ್ಮ ಕೇರಿಗೆ ಏನಾಗ್ತದೆ ಅಂತ ಅದರೊಳಗೆ ಯಾರೂ ಹುಡುಕಿದ್ದನ್ನ ನಾನಂತೂ ಕಂಡಿಲ್ಲ.

ಇದು "ಪಾಶ್ಚಾತ್ಯರ ಸೈತಾನ್ ಸಂಗೀತ" ಅಂತ ಒಬ್ಬರು ಬರೆದಿದ್ದಾರೆ. ಇದನ್ನು ಹುಟ್ಟಿಸಿದವರು ಯಾರು ಅಂತ ಹುಡುಗ ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹೋಗ್ತಾ ಹೇಳಿದ, ಕೇಳಿ ನಾನು ದಂಗಾದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಕಾರ್ಖಾನೆಗಳ ಊರು. ಬ್ಲ್ಯಾಕ್ ಸಬ್ಬತ್ ಅನ್ನೋ ತಂಡದ ಮೊದಲ ಆಲ್ಬಂ ಬಂದದ್ದು 1970ರಲ್ಲಿ. ಗಿಟಾರಿನ ಟೋನಿ ಐಯೋಮಿ ತಗಡಿನ ಕಾರ್ಖಾನೆಯಲ್ಲಿ ದುಡೀತಿದ್ದವನು. ಹದಿನೇಳನೇ ವಯಸ್ಸಿಗೆ ಬಲಗೈಯ ಎರಡು ಬೆರಳಿನ ತುದಿ ಯಂತ್ರದ ಪಾಲಾದವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿ, ಅದರ ಮೇಲೆ ಚರ್ಮದ ತುಂಡು ಅಂಟಿಸಿಕೊಂಡು ಬಾರಿಸಿದ. ಒತ್ತಿದರೆ ನೋವು ಅಂತ ಮುಂದೆ ತಂತಿಗಳನ್ನೇ ಸಡಿಲು ಮಾಡಿದ. ತಂತಿ ಸಡಿಲಾದಂತೆ ಸ್ವರ ಕೆಳಗಿಳಿಯಿತು. ಡೂಮ್ ಅಂತ ಇವತ್ತು ಮಂದಿ ಕೊಂಡಾಡುವ ಆ ಭಾರದ ಹಿಂದೆ ಒಬ್ಬ ಕೂಲಿಕಾರನ ಗಾಯ ಐತಿ. ಹಾಡುಗಾರ ಓಜಿ ಆಸ್ಬರ್ನ್ ಹಾಡೋದಕ್ಕೆ ಮೊದಲು ಕಸಾಯಿಖಾನೆಯಲ್ಲಿ ದುಡಿದವನು.

ಚರ್ಮ ಮತ್ತು ಕಸಾಯಿಖಾನೆ. ಇವರಿಬ್ಬರೂ ನಮ್ಮ ಕಡೆ ಹುಟ್ಟಿದ್ದರೆ ಮನಿ ಯಾವ ಕೇರಿಯಲ್ಲಿ ಇರ್ತಿತ್ತು ಅಂತ ನಿಮಗೆ ಗೊತ್ತು. ಓಜಿ 2025ರ ಜುಲೈ 22ರಂದು ತೀರಿಕೊಂಡ. 30ಕ್ಕೆ ಶವಯಾತ್ರೆ ಅದೇ ಬರ್ಮಿಂಗ್‌ಹ್ಯಾಮಿನ ಮುಖ್ಯ ರಸ್ತೆಯಲ್ಲಿ ಹಾದು ಹೋಯಿತು. ಮುಂದೆ ಬ್ಯಾಂಡಿನವರು, ಎರಡೂ ಕಡೆ ಸಾವಿರಾರು ಜನ ಹೂವು ಹಿಡಿದು ನಿಂತಿದ್ದರು. ನಮ್ಮ ಹೆಣಕ್ಕೆ ಊರ ನಡುವಿನ ದಾರಿ ಕೇಳಿದರೆ ಏನಾಗ್ತದೆ ಅಂತ ನಾನು ಇಲ್ಲಿ ಬರೆಯೋದಿಲ್ಲ, ನಿಮ್ಮಲ್ಲಿ ಅರ್ಧ ಮಂದಿ ಅಂಥಾ ಕೇಸಿನ ಕಾಗದ ಹಿಡಿದು ತಿರುಗಿದವರು.

ಈಗ ನನ್ನ ಅಣ್ಣನ ಮಾತು. ತೊಂಬತ್ತರ ದಶಕ. ಯಾವ ಊರು ಅಂತ ಹೆಸರು ಹಾಕಲ್ಲ. ಊರಿನ ದೊಡ್ಡವರೊಬ್ಬರ ಸಾವಿಗೆ ಹಲಗಿ ಬಾರಿಸಾಕ ಬಾ ಅಂತ ಹೇಳಿಕಳಿಸಿದರು. ಹಿಂದಿನ ದಿನ ಜ್ವರ ಬಂದು ಮಲಗಿದ್ದ ಅಣ್ಣ ಬರೋದಿಲ್ಲ ಅಂದ. ಜ್ವರ ಬಿಟ್ಟ ಮೇಲೂ ಬರೋದಿಲ್ಲ, ಇನ್ನ ಯಾವತ್ತೂ ಬರೋದಿಲ್ಲ ಅಂದ. ಕೇರಿಗೆ ಕಿರಾಣಿ ಅಂಗಡಿ ಬಂದ್, ಹಿಟ್ಟಿನ ಗಿರಣಿ ಬಂದ್, ಹೊಲದ ಕೂಲಿ ಬಂದ್. ಅವ್ವ ಜೋಳದ ಚೀಲ ಹೊತ್ತು ಮುಂದಿನ ಊರಿನ ಗಿರಣಿಗೆ ಹೋಗಿ ಬೀಸಿಸಿಕೊಂಡು ಬರ್ತಿದ್ದಳು. ಹಲಗಿ ಬಾರಿಸೋದಕ್ಕೆ ಮೊದಲು ಬೆಂಕಿಗೆ ಹಿಡಿದು ಕಾಸ್ತಾರೆ, ಚರ್ಮ ಬಿಗಿಯಾಗಿ ಖಣಿ ಖಣಿ ನುಡೀಲಿ ಅಂತ. ಅಣ್ಣ ಆ ರಾತ್ರಿ ಹಲಗಿಯನ್ನ ಬೆಂಕಿಗೆ ಹಿಡಿಯಲಿಲ್ಲ, ಬೆಂಕಿಯೊಳಗೇ ಇಟ್ಟ. ಸುಟ್ಟ ಚರ್ಮದ ವಾಸನೆ ನನಗೆ ಇನ್ನೂ ನೆನಪೈತಿ. ಹಂಗಾಗಿ ಹಲಗಿ ಇಳಿಸಿದ ಹೋರಾಟದ ಬೆಲೆ ನನಗೆ ಯಾರೂ ಕಲಿಸಬೇಕಾಗಿಲ್ಲ. ನನ್ನ ಬಿ.ಎ. ಎರಡು ವರ್ಷ ತಡ ಆದದ್ದು ಅದೇ ಕಾರಣಕ್ಕೆ.

ಆದರೆ ಅಣ್ಣ ಸುಟ್ಟದ್ದು ಏನನ್ನ? ನಾದವನ್ನಲ್ಲ. "ಬರೋದಿಲ್ಲ" ಅನ್ನೋ ಹಕ್ಕು ಇಲ್ಲದ ಸ್ಥಿತಿಯನ್ನ. ಬೆಂಗಳೂರಿನಲ್ಲಿ ಬೇವರ್ ಸೀ ಅಂತ ಒಂದು ಡೂಮ್ ತಂಡ ಐತಿ. ಹೆಸರು ಜೋರಾಗಿ ಹೇಳಿ ನೋಡ್ರಿ, ನಗು ಬರ್ತದೆ. ಬೇವಾರ್ಸಿ ಅಂದರೆ ವಾರಸುದಾರ ಇಲ್ಲದ್ದು, ಆಫೀಸಿನ ಕಡತದಲ್ಲಿ ನಾನು ದಿನಾ ಬರೆಯುವ ಶಬ್ದ. ನಮ್ಮ ಕಷ್ಟ ಇದರ ಉಲ್ಟಾ. ಹಲಗಿಗೆ ನಾವು ಹುಟ್ಟುತ್ತಲೇ ವಾರಸುದಾರರು, ಬೇಡ ಅಂದರೂ ಬಿಡೋರಿಲ್ಲ. ಊರ ಚಾಕರಿಯನ್ನು ವಂಶಕ್ಕೆ ಕಟ್ಟಿದ್ದ 1874ರ ಬಾಂಬೆ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ತರಲು ಬಾಬಾಸಾಹೇಬರು 1928ರಲ್ಲಿ ಮಸೂದೆ ಮಂಡಿಸಿದರಲ್ಲ, ಆಗ ನಮ್ಮ ಈ ತಾಲ್ಲೂಕುಗಳು ಧಾರವಾಡ ಜಿಲ್ಲೆ, ಬಾಂಬೆ ಪ್ರಾಂತ್ಯದೊಳಗೇ ಇದ್ದವು. ಅವರ ತಕರಾರು ಮಹಾರರ ದುಡಿಮೆಯ ಮೇಲೆ ಇರಲಿಲ್ಲ, ಆ ದುಡಿಮೆಯನ್ನು ಹುಟ್ಟಿಗೆ ಕಟ್ಟಿ ಹಾಕಿದ ವತನದ ಮೇಲಿತ್ತು.

ಅದಕ್ಕೇ ನಾನು ಕೇಳೋದು ಒಂದೇ ಪ್ರಶ್ನೆ. ಬಾರಿಸೋದಿಲ್ಲ ಅಂದರೆ ಏನಾಗ್ತದೆ? ಅಣ್ಣ ಅಂದದ್ದಕ್ಕೆ ಕೇರಿಗೇ ಗಿರಣಿ ಬಂದ್ ಆಯಿತು. ಅವನ ಮಗ ಅಂದಿದ್ದರೆ ಆ ಹಾಡು ಹಲಗಿ ಇಲ್ಲದೆ ನಡೀತಿತ್ತು, ಅಷ್ಟೇ. ಅಣ್ಣನಿಗೆ ಮೇಲಿಂದ ಸುರುವಿದ ಜೋಳ. ಮಗನಿಗೆ ಖಾತೆಗೆ ದುಡ್ಡು, ಪೋಸ್ಟರಿನ ಮೇಲೆ ಹೆಸರು. ಚೆನ್ನೈಯಲ್ಲಿ ಪಾ. ರಂಜಿತ್ ಕಟ್ಟಿದ ಕಾಸ್ಟ್‌ಲೆಸ್ ಕಲೆಕ್ಟಿವ್ 2018ರಲ್ಲಿ ಗಾನಾ ಹಾಡುಗಾರರನ್ನೂ ರ್‍ಯಾಪ್ ಹುಡುಗರನ್ನೂ ಒಂದೇ ವೇದಿಕೆಗೆ ಹತ್ತಿಸಿದಾಗ ನಾವೆಲ್ಲ ಇದೇ ಗ್ರೂಪಿನಲ್ಲಿ ಚಪ್ಪಾಳೆ ಹಾಕಿದೆವು. ನಮ್ಮ ಮನಿ ಹುಡುಗ ಹತ್ತಿದರೆ ನಾಚಿಕೆ ಆಗ್ತದಾ?

ಹಂಗಂತ ಆ ಪಬ್ಬು ಸಮಾನತೆಯ ಸ್ವರ್ಗ ಅಂತ ನಾನು ಹೇಳೋದಿಲ್ಲ. ಹುಡುಗ ಇಳಿದು ಬಂದ ಮೇಲೆ ಒಬ್ಬ ಬಂದು "ಬ್ರೋ ಸೂಪರ್, ಪೂರ್ತಿ ಹೆಸರೇನು, ಯಾವ ಕಡೆಯವರು" ಅಂದ. ಆ "ಪೂರ್ತಿ" ಯಾಕೆ ಅಂತ ನಮಗೆ ಗೊತ್ತು. ಸಾವು, ಕತ್ತಲು, ನರಕ ಅಂತ ದುಡ್ಡು ಕೊಟ್ಟು ಕೇಳುವ ಆ ಮಂದಿಗೆ, ಸ್ಮಶಾನದ ಕುಣಿ ತೋಡುವವರು ಯಾರು ಅಂತ ಗೊತ್ತಿಲ್ಲ. ಹಿಂದೆ ಗ್ಲಾಸು ತೊಳೆಯುತ್ತಿದ್ದವರು ರಾಯಚೂರು ಕಡೆಯವರು, ಅವರ ಜೊತೆ ಚಹಾ ಕುಡಿದು ಬಂದೆ. ಇನ್ನ ಹಲಗಿಯನ್ನು "ನಮ್ಮ ಹೆಮ್ಮೆಯ ಜಾನಪದ" ಅಂತ ಮೆರವಣಿಗೆಗೆ ಕರೆಸಿ, ಊಟಕ್ಕೆ ಬ್ಯಾರೆ ಪಂಕ್ತಿ ಹಾಕುವವರಿಗಿಂತ ಈ ಕರಿ ಟೀಶರ್ಟಿನವರು ವಾಸಿ, ಅಷ್ಟು ಮಾತ್ರ ಹೇಳಬಲ್ಲೆ. ಒಂದೇ ಟೇಬಲ್ಲಿನಲ್ಲಿ ಉಂಡೆವು.

ವೇದಿಕೆ ಹತ್ತೋ ಮುಂಚೆ ನಾನು ಕಾಸಾಕ ಬೆಂಕಿ ಎಲ್ಲಿ ಅಂತ ಹುಡುಕಿದೆ. ಹುಡುಗ ನಕ್ಕ. "ಬ್ಯಾಡ ಕಾಕಾ, ಸಡಲ ಇರ್ಲಿ. ಇಲ್ಲಿ ಸಡಲ ಚರ್ಮದ ದನೀನ ಬೇಕು." ಮೈಕ್ ಹಚ್ಚಿ ಒಂದು ಪೆಟ್ಟು ಹಾಕಿದ ನೋಡ್ರಿ, ಗುಡ್ಡ ಉರುಳಿದಂಗ ಆಯಿತು.

ವಿಡಿಯೋ ಅಣ್ಣನ ಫೋನಿಗೂ ಹೋಗಿತ್ತು. ಭಾನುವಾರ ರಾತ್ರಿ ಹೋದಾಗ ಮೂರು ಸಲ ನೋಡಿದ್ದ. ಬೈತಾನೆ ಅಂತ ಕಾದೆ. "ಎಡಗೈ ಕೋಲು ಭಾಳ ಮ್ಯಾಲ ಎತ್ತತಾನ, ಹೇಳು ಅವಗ" ಅಂದ. ಆಮೇಲೆ ಉಣ್ಣಾಕ ಕುಂತ.

ಹಿರಿಯರೇ, ದಸರಾ ಹತ್ತಿರ ಬಂತು. ಯಾವ ಊರಿನಲ್ಲಿ ಯಾರಿಗೆ "ಹಲಗಿ ತಗೊಂಡು ಬರ್ರಿ" ಅಂತ ಬೆದರಿಸಿ ಹೇಳಿಕಳಿಸ್ಯಾರ, ಅದನ್ನ ನನ್ನ ಇನ್‌ಬಾಕ್ಸಿಗೆ ಹಾಕ್ರಿ. ಬಿಟ್ಟಿ ಚಾಕರಿ ಮಾಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಅಪರಾಧ. ಬಹಿಷ್ಕಾರ ಹಾಕೋದು, ಹಾಕ್ತೇವೆ ಅಂತ ಬೆದರಿಸೋದನ್ನ 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಬಿಡಿಸಿ ಬರೆದಿದ್ದಾರೆ. ಅರ್ಜಿ ನಾನೇ ಟೈಪ್ ಮಾಡಿ ಕೊಡ್ತೇನೆ. ಊರು, ತಾರೀಖು, ಹೇಳಿಕಳಿಸಿದವರು ಯಾರು, ಕೇಳಿದ ಸಾಕ್ಷಿ ಯಾರು, ಇಷ್ಟು ಸರಿಯಾಗಿ ಬರೀರಿ.